ಡ್ರಿಪ್ಸ್ ಸೂಜಿಗೆ ಮುನ್ನ ಚರ್ಮ ಮರಗಟ್ಟಿಸುವುದು: ಗಡಿಯಾರ ನೋಡಿ ಮಾಡಬೇಕಾದ ಕೆಲಸ

"ಮರಗಟ್ಟಿಸುವ ಕ್ರೀಮು ಹಚ್ಚಿಕೊಂಡೇ ಬಂದಿದ್ದೇವೆ ಸಿಸ್ಟರ್, ಆದರೂ ಮಗು ಹೀಗೆ ಕಿರುಚಿತಲ್ಲ?" ಈ ಮಾತನ್ನು ನಾನು ವಾರಕ್ಕೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಎಷ್ಟು ಹೊತ್ತಿಗೆ ಹಚ್ಚಿದಿರಿ ಎಂದರೆ "ಈಗ, ಆಟೋ ಇಳಿಯುವಾಗ" ಎನ್ನುತ್ತಾರೆ. ಎಲ್ಲಿ ಹಚ್ಚಿದಿರಿ ಎಂದರೆ ಎಡಗೈ ತೋರಿಸುತ್ತಾರೆ. ಸೂಜಿ ಬಿದ್ದಿರುವುದು ಬಲಗೈಗೆ. ಟ್ಯೂಬು ತೋರಿಸಿ ಎಂದರೆ ಕೆಲವೊಮ್ಮೆ ಚೀಲದಿಂದ ಬೇರೆಯದೇ ಔಷಧ ಹೊರಬರುತ್ತದೆ. ಔಷಧ ಸರಿಯಿಲ್ಲ ಎಂದು ಬೈದುಕೊಂಡು ಹೋಗುವವರಲ್ಲಿ ಹೆಚ್ಚಿನವರ ಲೆಕ್ಕ ತಪ್ಪಿರುವುದು ಹೊತ್ತಿನಲ್ಲಿ, ಇಲ್ಲವೇ ಜಾಗದಲ್ಲಿ.

ಕಿಮೊ, ರಕ್ತ ಹಾಕಿಸುವುದು, ಕಾಂಟ್ರಾಸ್ಟ್ (ಒಳಗಿನ ಭಾಗ ಎದ್ದು ಕಾಣಿಸುವ ಔಷಧ) ಕೊಟ್ಟು ಮಾಡುವ ಸ್ಕ್ಯಾನ್, ಸಣ್ಣ ಶಸ್ತ್ರಚಿಕಿತ್ಸೆ ಎಂದು ಮೊದಲೇ ದಿನ ಗೊತ್ತಾಗಿ ಆಸ್ಪತ್ರೆಗೆ ಬರುವವರಿಗೆ ಇದನ್ನು ಬರೆದಿದ್ದೇನೆ. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ವಾಂತಿಭೇದಿಯಿಂದ ಸೊರಗಿದ ಮಗುವಿಗೆ, ಅಪಘಾತವಾದವರಿಗೆ, ಉಸಿರು ಕಟ್ಟುತ್ತಿರುವವರಿಗೆ ಕ್ರೀಮಿಗೆಂದು ಒಂದು ನಿಮಿಷವನ್ನೂ ಕಳೆಯುವಂತಿಲ್ಲ.

ಇನ್ನೊಂದು ಮಾತು. ಸೂಜಿ ಹಾಕುವಾಗ ನಾವು ಹುಡುಕುವುದು ಅಭಿಧಮನಿಯನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳವನ್ನು. ಆದರೆ ವಾರ್ಡಿನಲ್ಲಿ ರೋಗಿಗಳಿಂದ ಹಿಡಿದು ನಮ್ಮವರೆಗೆ ಎಲ್ಲರೂ "ನರ ಸಿಗುತ್ತಿಲ್ಲ" ಎಂದೇ ಹೇಳುವುದು. ಇಲ್ಲಿಯೂ ನರ ಎಂದೇ ಬರೆಯುತ್ತೇನೆ.

## ಹಂತ 1: ಕೊಳ್ಳುವ ಮೊದಲು ಕೇಳಿ

ಹಿಂದಿನ ಭೇಟಿಯಲ್ಲೇ ವೈದ್ಯರನ್ನು ಕೇಳಿ, ಚೀಟಿ ಬರೆಸಿಕೊಳ್ಳಿ. ಕೇಳುವಾಗ ಕೆಲವು ಸಂಗತಿಗಳನ್ನು ನೀವಾಗಿಯೇ ಹೇಳಬೇಕು. ಹಲ್ಲಿನ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಹಿಂದೆಂದಾದರೂ ಅಲರ್ಜಿಯಾಗಿತ್ತೇ? ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ಕೆಂಪು ರಕ್ತಕಣ ಕಾಪಾಡುವ ಕಿಣ್ವದ ಹುಟ್ಟುಕೊರತೆ) ಇದೆಯೇ? ಹೃದಯದ ಲಯ ಸರಿಪಡಿಸುವ ಮಾತ್ರೆ ನಡೆಯುತ್ತಿದೆಯೇ? ಸಲ್ಫಾ, ಡ್ಯಾಪ್ಸೋನ್, ಫಿನೈಟೊಯಿನ್, ನೈಟ್ರೊಫ್ಯುರಾಂಟೊಯಿನ್, ಪ್ರೈಮಾಕ್ವಿನ್ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದೆಯೇ?

ಈ ಕೊನೆಯ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಕ್ರೀಮಿನಲ್ಲಿರುವ ಎರಡು ಔಷಧಗಳಲ್ಲಿ ಒಂದಾದ ಪ್ರಿಲೊಕೇನ್ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು ರಕ್ತದ ಹಿಮೊಗ್ಲೋಬಿನ್ನನ್ನು ಮೆಥಿಮೊಗ್ಲೋಬಿನ್ ಆಗಿಸಬಲ್ಲದು. ಅದು ಆಮ್ಲಜನಕವನ್ನು ಹೊರಲಾರದು. ಮೇಲಿನ ಔಷಧಗಳೂ ಅದೇ ದಿಕ್ಕಿಗೆ ತಳ್ಳುತ್ತವೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಸೋಂಕು ತಡೆಯಲು ಸಲ್ಫಾ ಇರುವ ಮಾತ್ರೆ ಕೊಡುವುದು ವಾಡಿಕೆ. ತಿಂಗಳುಗಟ್ಟಲೆ ನುಂಗಿಸಿ ಅಭ್ಯಾಸವಾಗಿ, "ಬೇರೆ ಔಷಧ ಏನೂ ಇಲ್ಲ" ಎಂದುಬಿಡುತ್ತಾರೆ. ಮಾತ್ರೆಯ ಪಟ್ಟಿಯನ್ನೇ ತಂದು ತೋರಿಸಿ.

ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ, ಇಂಥ ಔಷಧ ನಡೆಯುತ್ತಿರುವ ಒಂದು ವರ್ಷದೊಳಗಿನ ಮಗುವಿಗೆ ಮನೆಯಲ್ಲಿ ಹಚ್ಚಲೇಬೇಡಿ.

## ಹಂತ 2: ಸರಿಯಾದ ಟ್ಯೂಬು, ಸರಿಯಾದ ಹೊದಿಕೆ

ಟ್ಯೂಬಿನ ಮೇಲೆ ಎರಡು ಹೆಸರು ಇರಬೇಕು: ಲಿಡೊಕೇನ್ 2.5 ಶೇಕಡಾ, ಪ್ರಿಲೊಕೇನ್ 2.5 ಶೇಕಡಾ. ಲಿಡೊಕೇನ್‌ಗೆ ಲಿಗ್ನೊಕೇನ್ ಎಂಬ ಹೆಸರೂ ಇದೆ, ಎರಡೂ ಒಂದೇ. ಈ ಎರಡನ್ನು ಸಮಪಾಲಿನಲ್ಲಿ ಬೆರೆಸಿದಾಗ ಅವು ಎಣ್ಣೆಯಂತೆ ದ್ರವವಾಗುತ್ತವೆ, ಹಾಗಾಗಿ ಗಟ್ಟಿಯಾದ ಚರ್ಮವನ್ನೂ ದಾಟಿ ಇಳಿಯುತ್ತವೆ.

ಅಂಗಡಿಯಲ್ಲಿ "ಮರಗಟ್ಟುವ ಕ್ರೀಮು ಕೊಡಿ" ಎಂದಷ್ಟೇ ಕೇಳಿದರೆ ಲಿಗ್ನೊಕೇನ್ 2 ಶೇಕಡಾ ಜೆಲ್ ಕೈಗೆ ಬರುವುದು ಉಂಟು. ಅದು ಮೂತ್ರದ ಕೊಳವೆ ಹಾಕುವಾಗ ಒಳಗಿನ ತೇವದ ಪೊರೆಗೆ ಬಳಸುವಂಥದ್ದು; ಕೈಯ ಮೇಲಿನ ಚರ್ಮಕ್ಕೆ ಅದು ನಾಟುವುದಿಲ್ಲ. ಎರಡು ಗಂಟೆ ಹಚ್ಚಿಟ್ಟುಕೊಂಡರೂ ಸೂಜಿಯ ನೋವು ಹಾಗೆಯೇ ಇರುತ್ತದೆ. ನೋವಿನ ಬಾಮು, ಸ್ಪ್ರೇಗಳ ಮಾತು ಬಿಡಿ. ಅವು ಉರಿ ಅಥವಾ ತಂಪು ಕೊಡುತ್ತವೆಯೇ ಹೊರತು ಮರಗಟ್ಟಿಸುವುದಿಲ್ಲ, ಚರ್ಮ ಕೆಂಪಾಗಿ ನಮ್ಮ ಕೆಲಸವೂ ಕೆಡುತ್ತದೆ.

ಜೊತೆಗೆ ಬೇಕಾದದ್ದು ಪಾರದರ್ಶಕ ಅಂಟುಹಾಳೆ ಎರಡು, ಔಷಧದ ಅಂಗಡಿಯಲ್ಲಿ ಟೆಗಾಡರ್ಮ್‌ನಂಥ ಹೆಸರಿನಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಕಲಸಿದ ಹಿಟ್ಟಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಮತ್ತು ಕಾಗದದ ಪ್ಲಾಸ್ಟರ್ ಸಾಕು. ಹತ್ತಿ, ಬ್ಯಾಂಡೇಜ್ ಬಟ್ಟೆ ಬೇಡ. ಕ್ರೀಮನ್ನೆಲ್ಲ ಅವೇ ಹೀರಿಕೊಳ್ಳುತ್ತವೆ. ಒಂದು ಬಾಲ್‌ಪೆನ್ನು, ಒಂದಿಷ್ಟು ಟಿಶ್ಯೂ ಇಟ್ಟುಕೊಳ್ಳಿ.

## ಹಂತ 3: ಜಾಗ ಗೊತ್ತು ಮಾಡಿಕೊಳ್ಳಿ, ಒಂದಲ್ಲ ಎರಡು

ಬಹಳ ಮಂದಿ ಎಡವುವುದು ಇಲ್ಲಿ. ಮನೆಯಲ್ಲಿ ಕುಳಿತು ಎದ್ದು ಕಾಣುವ ನರಕ್ಕೆ ಹಚ್ಚಿಕೊಂಡು ಬರುತ್ತಾರೆ, ಆದರೆ ಸಿಸ್ಟರ್ ಬೆರಳಿನಿಂದ ಒತ್ತಿ ನೋಡಿ ಬೇರೆ ನರ ಆರಿಸುತ್ತಾರೆ. ಕಣ್ಣಿಗೆ ನೀಲಿಯಾಗಿ ಕಾಣುವುದಕ್ಕಿಂತ ಬೆರಳಿಗೆ ಪುಟಿಯುವುದು ಮುಖ್ಯ. ಹಾಗಾಗಿ ಹಿಂದಿನ ಭೇಟಿಯಲ್ಲೇ "ಮುಂದಿನ ಸಲ ಎಲ್ಲಿ ಹಾಕುತ್ತೀರಿ, ತೋರಿಸಿ" ಎಂದು ಕೇಳಿ, ಮೊಬೈಲಿನಲ್ಲಿ ಆ ಜಾಗದ ಫೋಟೊ ತೆಗೆದುಕೊಳ್ಳಿ. ಅದು ಸಾಧ್ಯವಾಗದಿದ್ದರೆ ಒಂದೊಂದು ಕೈಯಲ್ಲಿ ಒಂದೊಂದು ಜಾಗ: ಮುಂಗೈಯ ಹಿಂಭಾಗದಲ್ಲಿ ಒಂದು, ಇನ್ನೊಂದು ತೋಳಿನ ಕೆಳಭಾಗದಲ್ಲಿ ಒಂದು. ಮೊದಲನೆಯದು ಸಿಗದಿದ್ದರೆ ಎರಡನೆಯದು ಸಿದ್ಧವಿರುತ್ತದೆ.

ಮಗು ಬೆರಳು ಚೀಪುವ ಕೈ, ದೊಡ್ಡವರು ಬರೆಯುವ ಕೈ ಆದಷ್ಟು ಬಿಡಿ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳ ಜೋಡಿಸುವುದು) ಮಾಡಿಸಿದ ಕೈಗೆ ಡ್ರಿಪ್ಸ್ ಹಾಕಬಾರದು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆಯ ಕೈಯನ್ನೂ ಸಾಮಾನ್ಯವಾಗಿ ಬಿಡುತ್ತೇವೆ. ಗಾಯ, ಕಜ್ಜಿ, ಇಸಬು ಇರುವ ಕಡೆ ಕ್ರೀಮು ಹಚ್ಚಬೇಡಿ. ಅಲ್ಲಿ ಔಷಧ ಬೇಗ, ಹೆಚ್ಚಾಗಿ ಒಳಗಿಳಿಯುತ್ತದೆ.

## ಹಂತ 4: ಗಂಟೆಯನ್ನು ಹಿಂದಕ್ಕೆ ಎಣಿಸಿ

ಕನಿಷ್ಠ ಅರವತ್ತು ನಿಮಿಷ. ಒಂದು ಗಂಟೆಗೆ ಸುಮಾರು 3 ಮಿಲಿಮೀಟರ್ ಆಳ, ಎರಡು ಗಂಟೆಗೆ ಸುಮಾರು 5 ಮಿಲಿಮೀಟರ್ ಆಳ ಮರಗಟ್ಟುತ್ತದೆ. ಅರ್ಧ ಗಂಟೆಗೆ ಮೇಲ್ಮೈ ಮಾತ್ರ ಜೋಮು ಹಿಡಿದಂತಾಗಿ, ಆಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಸೂಜಿ ಒಳಗೆ ಹೋದಾಗ ಬಣ್ಣ ಬಯಲಾಗುತ್ತದೆ.

ತೆಗೆದ ಮೇಲೆ ಇನ್ನೂ ಹತ್ತು ಹದಿನೈದು ನಿಮಿಷ ಬಿಡಬೇಕು. ಕ್ರೀಮು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಚರ್ಮ ಬಿಳುಚಿಕೊಂಡು ನರ ಅಡಗುತ್ತದೆ. "ಕ್ರೀಮು ಹಚ್ಚಿದರೆ ನರ ಸಿಗುವುದಿಲ್ಲ" ಎಂದು ನಮ್ಮಲ್ಲೇ ಕೆಲವು ಸಿಸ್ಟರ್‌ಗಳು ಗೊಣಗುವುದು ಇದಕ್ಕೇ. ಅವರ ಗೊಣಗಾಟ ಸುಳ್ಳಲ್ಲ, ಆದರೆ ಆ ಹದಿನೈದು ನಿಮಿಷ ಕೊಟ್ಟರೆ ಹೆಚ್ಚಿನವರಲ್ಲಿ ನರ ಮತ್ತೆ ತಲೆ ಎತ್ತುತ್ತದೆ. ಮರಗಟ್ಟಿದ್ದು ತೆಗೆದ ಮೇಲೂ ಒಂದೆರಡು ಗಂಟೆ ಉಳಿಯುವುದರಿಂದ ಅವಸರ ಮಾಡುವ ಅಗತ್ಯವಿಲ್ಲ.

ಲೆಕ್ಕ ಹೀಗೆ. ಸೂಜಿ ಹತ್ತು ಗಂಟೆಗೆ ಎಂದಿಟ್ಟುಕೊಳ್ಳಿ. ಒರೆಸುವುದು 9:45ಕ್ಕೆ. ಹಚ್ಚುವುದು 8:15ಕ್ಕೆ. ಕೆಂಗೇರಿಯಿಂದಲೋ ಯಲಹಂಕದಿಂದಲೋ ಡೈರಿ ಸರ್ಕಲ್ ಕಡೆಯ ಆಸ್ಪತ್ರೆಗೆ ಬರುವವರಾದರೆ ಮನೆ ಬಿಡುವ ಮೊದಲೇ ಹಚ್ಚಿಕೊಳ್ಳಿ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎಲ್ಲವೂ ಅಕ್ಕಪಕ್ಕದಲ್ಲೇ ಇರುವ ಆ ದಾರಿಯಲ್ಲಿ ಬೆಳಗಿನ ವಾಹನಗಳ ಸಾಲು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಿಂದ ನಮಗೆ ಲಾಭವಾಗುವ ಕೆಲಸ ನನಗೆ ತಿಳಿದಂತೆ ಇದೊಂದೇ.

ಆದರೆ ಮೇಲ್ಮಿತಿಯೂ ಇದೆ. ದೊಡ್ಡವರಿಗೆ ಐದು ಗಂಟೆ, ಒಂದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕು ಗಂಟೆ. ಒಂದು ವರ್ಷದೊಳಗಿನ ಮಗುವಿಗೆ ಒಂದು ಗಂಟೆ ಮೀರಿಸಬೇಡಿ. ಹೀಗಾಗಿ ಕೂಸಿಗೆ ಮನೆಯಲ್ಲಿ ಹಚ್ಚದೆ ಆಸ್ಪತ್ರೆಯಲ್ಲೇ ಹಚ್ಚಿಸುವುದು ಒಳ್ಳೆಯದು. ಟೋಕನ್ ತಡವಾದರೆ ಇನ್ನೊಂದಿಷ್ಟು ಮೆತ್ತಬೇಡಿ. ಮಿತಿ ಮುಟ್ಟಿದಾಗ ಒರೆಸಿ, ಸಿಸ್ಟರ್‌ಗೆ ತಿಳಿಸಿ.

## ಹಂತ 5: ಹಚ್ಚುವುದು

ನಮ್ಮ ಕೈಗೆ ಅಮೃತಾಂಜನ ತಿಕ್ಕಿದ ಅಭ್ಯಾಸ. ಟ್ಯೂಬು ಹಿಂಡಿದ ಕೂಡಲೇ ಬೆರಳು ತಾನಾಗಿ ಉಜ್ಜಲು ಹೋಗುತ್ತದೆ. ಉಜ್ಜಬಾರದು. ತೆಳುವಾಗಿ ಹರಡಿದ ಕ್ರೀಮು ಕೆಲಸ ಮಾಡುವುದಿಲ್ಲ. ದೋಸೆಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟಂತೆ, ಕರಗಿಸದೆ, ಗುಪ್ಪೆಯಾಗಿ ಇಡಬೇಕು.

ಕೈಯನ್ನು ಸೋಪಿನಿಂದ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ. ಎಣ್ಣೆ ಸ್ನಾನ ಮಾಡಿಸಿದ ದಿನ ಅಂಟುಹಾಳೆ ನಿಲ್ಲುವುದಿಲ್ಲ, ಲೋಷನ್ ಹಚ್ಚಿದ್ದರೂ ಅಷ್ಟೇ. ಟ್ಯೂಬಿನಿಂದ ನೇರವಾಗಿ ಚರ್ಮದ ಮೇಲೆ ಹಿಂಡಿ. ಬೆರಳಿಗೆ ಹಾಕಿಕೊಂಡರೆ ನಿಮ್ಮ ಬೆರಳೂ ಮರಗಟ್ಟುತ್ತದೆ. ದೊಡ್ಡವರಿಗೆ ಒಂದು ಜಾಗಕ್ಕೆ 5 ಗ್ರಾಂ ಟ್ಯೂಬಿನ ಅರ್ಧ. ಒಂದು ವರ್ಷ ದಾಟಿದ ಮಕ್ಕಳಿಗೆ ಒಂದು ಜಾಗಕ್ಕೆ 1ರಿಂದ 2 ಗ್ರಾಂ, ಅಂದರೆ ಅದೇ ಟ್ಯೂಬಿನ ಐದನೇ ಒಂದು ಪಾಲಿನಿಂದ ಎರಡು ಪಾಲು. ಮೂರು ತಿಂಗಳಿಂದ ಒಂದು ವರ್ಷದವರೆಗೆ, 5 ಕೆಜಿ ಮೀರಿದ ಮಗುವಿಗೆ ಎಲ್ಲ ಜಾಗ ಸೇರಿ 2 ಗ್ರಾಂ. ಮೂರು ತಿಂಗಳೊಳಗೆ ಅಥವಾ 5 ಕೆಜಿಗಿಂತ ಕಡಿಮೆಯಿದ್ದರೆ ಎಲ್ಲ ಸೇರಿ 1 ಗ್ರಾಂ. ವಯಸ್ಸು ಒಂದು ಹೇಳಿ ತೂಕ ಇನ್ನೊಂದು ಹೇಳಿದರೆ ಎರಡರಲ್ಲಿ ಕಡಿಮೆ ಅಳತೆಯನ್ನೇ ಹಿಡಿಯಿರಿ. ವೈದ್ಯರು ಬೇರೆ ಅಳತೆ ಬರೆದಿದ್ದರೆ ಅದೇ ಅಂತಿಮ.

ಈಗ ಅಂಟುಹಾಳೆ. ಗುಪ್ಪೆಯ ಮೇಲೆ ಹಾಳೆಯ ನಡುಭಾಗ ಬರುವಂತೆ ಹಿಡಿದು, ಮೊದಲು ನಾಲ್ಕೂ ಅಂಚುಗಳನ್ನು ಚರ್ಮಕ್ಕೆ ಒತ್ತಿ. ನಡುವೆ ಒತ್ತಿದರೆ ಕ್ರೀಮು ಅಂಚಿಗೆ ಹರಿದು ಬಂದು ಅಂಟು ಬಿಡುತ್ತದೆ. ಆ ತಪ್ಪನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಒಳಗೆ ಬಿಳಿಯ ಗುಪ್ಪೆ ಒಂದು ನಾಣ್ಯದಷ್ಟಗಲ, ಮೇಲೆ ಚಪ್ಪಟೆಯಾಗಿ ಕಾಣಬೇಕು. ಪ್ಲಾಸ್ಟಿಕ್ ಹಾಳೆಯಾದರೆ ಕೈಗೆ ಒಂದು ಸುತ್ತು ಮಾತ್ರ, ಬಿಗಿಯಾಗದಂತೆ, ಅಂಚಿಗೆ ಪ್ಲಾಸ್ಟರ್. ಬೆರಳ ತುದಿ ಬಣ್ಣ ಬದಲಾದರೆ ಸಡಿಲಿಸಿ.

ಹಾಳೆಯ ಅಂಚಿನ ಮೇಲೆ ಪೆನ್ನಿನಿಂದ ಹೊತ್ತು ಬರೆಯಿರಿ: "8:15". ಹಾಳೆಯ ಹೊರಗೆ, ಚರ್ಮದ ಮೇಲೆ ಎರಡು ಚುಕ್ಕೆ ಇಡಿ. ಒರೆಸಿದ ಮೇಲೆ ಜಾಗ ಯಾವುದಿತ್ತು ಎಂದು ತಡಕಾಡುವವರೇ ಹೆಚ್ಚು.

## ಹಂತ 6: ಕಾಯುವ ಹೊತ್ತು

ಮಗುವಿನ ಕೈಗೆ ಮೇಲೊಂದು ಕಾಲುಚೀಲ ತೊಡಿಸಿ, ಹಾಳೆ ಕೀಳಲಾಗುವುದಿಲ್ಲ. ಕ್ರೀಮು ಬಾಯಿಗೆ ಹೋದರೆ ನಾಲಿಗೆ, ಗಂಟಲು ಮರಗಟ್ಟಿ ನುಂಗುವಾಗ ನೆತ್ತಿಗೇರಬಹುದು. ಕಣ್ಣಿಗೆ ತಾಗಿದರೆ ತಕ್ಷಣ ನೀರಿನಿಂದ ತೊಳೆದು, ಜೋಮು ಇಳಿಯುವವರೆಗೆ ಉಜ್ಜದಂತೆ ಕಾಯಿರಿ. ಅಂಟಿಸಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಔಷಧ ಒಮ್ಮೆಲೇ ರಕ್ತಕ್ಕಿಳಿಯುತ್ತದೆ.

ಹಾಳೆಯ ಅಡಿ ಚರ್ಮ ಬಿಳುಚುವುದು, ಆಮೇಲೆ ತುಸು ಕೆಂಪಾಗುವುದು, ಸಣ್ಣ ತುರಿಕೆ: ಇವು ಮಾಮೂಲು. ಗಾಬರಿಯಾಗಬೇಕಾದದ್ದು ಬೇರೆ. ತುಟಿ, ಉಗುರು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು, ಮಗು ಕಾರಣವಿಲ್ಲದೆ ಮಂಕಾಗುವುದು, ಉಸಿರು ವೇಗವಾಗುವುದು ಮೆಥಿಮೊಗ್ಲೋಬಿನ್ನಿನ ಲಕ್ಷಣ. ಬಾಯಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಎನ್ನುವುದು, ತಲೆ ತಿರುಗುವುದು, ಮೈ ಅದುರುವುದು ಔಷಧ ಮಿತಿಮೀರಿದ ಲಕ್ಷಣ. ಮುಖ ಊದಿ ಮೈತುಂಬ ಗಂಧೆ ಎದ್ದರೆ ಅಲರ್ಜಿ. ಯಾವುದೇ ಆದರೂ ಕ್ರೀಮು ಒರೆಸಿ ಹಾಕಿ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಟ್ಯೂಬು ಕೈಯಲ್ಲಿರಲಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹಾಕಿ ನೋಡುತ್ತಾ ಕೂರಬೇಡಿ. ಮೆಥಿಮೊಗ್ಲೋಬಿನ್ ಹೆಚ್ಚಾದಾಗ ಅದು 85ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ನಿಜ ಹೇಳುವುದಿಲ್ಲ.

## ಹಂತ 7: ಒರೆಸಿ, ಪರೀಕ್ಷಿಸಿ, ಬೆಚ್ಚಗಾಗಿಸಿ

ಹಾಳೆಯನ್ನು ಮೇಲಕ್ಕೆ ಕೀಳದೆ ಚರ್ಮಕ್ಕೆ ಸಮಾನಾಂತರವಾಗಿ ಎಳೆದು ಬಿಡಿಸಿ. ಮಕ್ಕಳು ಅಳುವುದು ಬಹಳ ಸಲ ಸೂಜಿಗಲ್ಲ, ಈ ಹಾಳೆ ಕೀಳುವುದಕ್ಕೆ. ಕ್ರೀಮನ್ನು ಪೂರ್ತಿ ಒರೆಸಿ, ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಜಿಡ್ಡು ಉಳಿದರೆ ಕ್ಯಾನುಲಾದ (ನರದೊಳಗೆ ಉಳಿಯುವ ಸಣ್ಣ ಪ್ಲಾಸ್ಟಿಕ್ ಕೊಳವೆಯ) ಪ್ಲಾಸ್ಟರ್ ಹಿಡಿಯದೆ, ಸಂಜೆಯೊಳಗೆ ಲೈನ್ ಕಳಚಿ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಪರೀಕ್ಷೆಗೆ ಪಿನ್ನು ಬೇಡ. ಪೆನ್ನಿನ ಮುಚ್ಚಳದ ತುದಿಯಿಂದ ಮೊದಲು ಬೇರೆ ಕಡೆ, ಆಮೇಲೆ ಇಲ್ಲಿ ಮೆಲ್ಲಗೆ ಒತ್ತಿ. "ಒತ್ತಿದ್ದು ಗೊತ್ತಾಗುತ್ತದೆ, ಚೂಪು ಗೊತ್ತಾಗುವುದಿಲ್ಲ" ಎಂದರೆ ಸರಿಯಾಗಿದೆ.

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಆಟೋದ ಗಾಳಿಗೆ ಮೈಯೊಡ್ಡಿ ಬಂದವರ ಕೈ ಹಿಮದ ತುಂಡಿನಂತಿರುತ್ತದೆ, ನರ ಒಂದೂ ಕಾಣುವುದಿಲ್ಲ. ಕೈ ಇಳಿಬಿಟ್ಟು ಮುಷ್ಟಿ ಬಿಗಿದು ಸಡಿಲಿಸಿ, ಶಾಲು ಸುತ್ತಿ. ಉಗುರುಬೆಚ್ಚಗಿನ ನೀರಿನ ಬಟ್ಟೆ ಸುತ್ತಬಹುದು, ಆದರೆ ಬಿಸಿಯನ್ನು ಇನ್ನೊಬ್ಬರ ಕೈಯಲ್ಲಿ ನೋಡಿ; ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಉಪವಾಸ ಇರಬೇಕೆಂದು ಹೇಳಿಲ್ಲವಾದರೆ ಬೆಳಗ್ಗೆ ಚೆನ್ನಾಗಿ ನೀರು ಕುಡಿದು ಬನ್ನಿ.

## ಹಂತ 8: ಸೂಜಿಯ ಹೊತ್ತು

"ಇಲ್ಲಿ ಹಚ್ಚಿದ್ದೇವೆ, ಇಷ್ಟು ಹೊತ್ತಾಯಿತು" ಎಂದು ಸಿಸ್ಟರ್‌ಗೆ ಮೊದಲೇ ಹೇಳಿ. ನಾವು ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡುತ್ತೇವೆ. ಅದನ್ನು ತಡ ಮಾಡುವುದೆಂದು ತಿಳಿಯಬೇಡಿ. ಹಸಿ ಸ್ಪಿರಿಟ್ ಸೂಜಿಯೊಂದಿಗೆ ಒಳಗೆ ಹೋದರೆ ಉರಿಯುತ್ತದೆ.

ಮಗುವನ್ನು ಮಂಚದ ಮೇಲೆ ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಅಮ್ಮನ ತೊಡೆಯ ಮೇಲೆ ಎದೆಗೊರಗಿ ಕೂತಿರಲಿ, ಕೈಯೊಂದು ಹೊರಗೆ ಚಾಚಿರಲಿ. ಅಜ್ಜಿ ಎದುರಿಗೆ ನಿಂತು ಸಾಬೂನಿನ ಗುಳ್ಳೆ ಊದಿಸಲಿ. "ನೋವೇ ಆಗುವುದಿಲ್ಲ" ಎನ್ನಬೇಡಿ. ಚರ್ಮದ ಚುಚ್ಚು ಮಾತ್ರ ಮಾಯವಾಗುತ್ತದೆ. ಒತ್ತುವುದು, ಎಳೆಯುವುದು, ಟೂರ್ನಿಕೆ (ತೋಳಿಗೆ ಕಟ್ಟುವ ಪಟ್ಟಿ) ಬಿಗಿಯುವುದು ಎಲ್ಲವೂ ತಿಳಿಯುತ್ತದೆ. "ಒತ್ತಿದ ಹಾಗಾಗುತ್ತದೆ, ಕೈ ಅಲ್ಲಾಡಿಸಬೇಡ" ಎಂದು ಹೇಳಿದರೆ ಮಗು ನಂಬಿ ಕೂರುತ್ತದೆ. ಊಟ ಮಾಡದಿದ್ದರೆ ಡಾಕ್ಟರು ಬಂದು ಸೂಜಿ ಚುಚ್ಚುತ್ತಾರೆ ಎಂದು ಮನೆಯಲ್ಲಿ ಹೆದರಿಸುವವರು ಆ ಮಾತನ್ನು ಇಂದೇ ಬಿಡಿ; ಅದರ ಫಲವನ್ನು ಉಣ್ಣುವವರು ನಾವು.

ಎರಡು ಸಲ ಚುಚ್ಚಿಯೂ ನರ ಸಿಗದಿದ್ದರೆ "ಬೇರೆಯವರನ್ನು ಕರೆಯುತ್ತೀರಾ?" ಎಂದು ಸಮಾಧಾನವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

## ಗಂಟೆ ಕಾಯಲು ಹೊತ್ತಿಲ್ಲದಿದ್ದರೆ

ಇದು ವಾರ್ಡಿನವರಿಗೆ ಬರೆದದ್ದು, ಮನೆಯಲ್ಲಿ ಮಾಡುವುದಲ್ಲ. ಹಸಿರು ಬಣ್ಣದ 18 ಗೇಜ್ ಅಥವಾ ಅದಕ್ಕಿಂತ ದಪ್ಪನೆಯ ಕ್ಯಾನುಲಾ ಹಾಕಬೇಕಿದ್ದಾಗ, ವೈದ್ಯರ ಆದೇಶದ ಮೇಲೆ ಲಿಗ್ನೊಕೇನ್ 1 ಶೇಕಡಾ 0.1ರಿಂದ 0.2 ಮಿಲಿಲೀಟರ್ ಸಾಕು. ವಾರ್ಡಿನಲ್ಲಿ ಇರುವುದು 2 ಶೇಕಡಾ ಆದರೆ ಸಮಪಾಲು ಸಲೈನ್ ಬೆರೆಸಿ. ಬಾಟಲಿಯ ಚೀಟಿಯನ್ನು ಎರಡು ಸಲ ಓದಿ, ಅಡ್ರಿನಲಿನ್ ಬೆರೆತದ್ದು ಬೇಡ. ಇನ್ಸುಲಿನ್ ಸಿರಿಂಜಿನ ಸೂಜಿಯನ್ನು ಬಾಯಿ ಮೇಲಾಗಿ, ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ, ನರದ ಪಕ್ಕದಲ್ಲಿ ತೂರಿಸಿ, ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲವೆಂದು ನೋಡಿ, ಹೆಸರುಕಾಳಿನಷ್ಟು ಬೊಬ್ಬೆ ಎಬ್ಬಿಸಿ. ಒಂದು ನಿಮಿಷ ಬಿಟ್ಟು ಆ ಬೊಬ್ಬೆಯ ಮೂಲಕ ಕ್ಯಾನುಲಾ ಹಾಕಿ. ಔಷಧ ಒಳಗೆ ಹೋಗುವಾಗ ಕ್ಷಣ ಉರಿಯುತ್ತದೆ, ಮೊದಲೇ ಹೇಳಿ. ಒಂಬತ್ತು ಪಾಲು ಲಿಗ್ನೊಕೇನಿಗೆ 8.4 ಶೇಕಡಾ ಸೋಡಿಯಂ ಬೈಕಾರ್ಬನೇಟ್ ಒಂದು ಪಾಲು ಬೆರೆಸಿದರೆ ಆ ಉರಿ ಗಣನೀಯವಾಗಿ ತಗ್ಗುತ್ತದೆ; ಬೆರೆಸಿದ್ದನ್ನು ಆಗಲೇ ಬಳಸಿ.

ಈಥೈಲ್ ಕ್ಲೋರೈಡ್ ಸ್ಪ್ರೇ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಕೊರೆಯುವಷ್ಟು ತಣ್ಣಗಾಗಿಸುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅದು ಹೊತ್ತಿಕೊಳ್ಳುವ ವಸ್ತು. ಪುಟ್ಟ ಮಕ್ಕಳಿಗೆ ಆ ತಣುವೇ ಹೊಡೆತದಂತೆ ಅನ್ನಿಸುವುದರಿಂದ ನಾನು ಅವರಿಗೆ ಬಳಸುವುದಿಲ್ಲ.

## ಲೈನ್ ಹಾಕಿದ ಮೇಲೆ

ಇನ್ನೂ ಒಂದೆರಡು ಗಂಟೆ ಆ ಜಾಗಕ್ಕೆ ನೋವು ತಿಳಿಯುವುದಿಲ್ಲ. ಮಗು ಅಲ್ಲಿ ಕೆರೆಯದಂತೆ, ಕಚ್ಚದಂತೆ ನೋಡಿಕೊಳ್ಳಿ. ದೊಡ್ಡವರು ಬಿಸಿ ಕಾಫಿ ಲೋಟವನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಡ್ರಿಪ್ಸ್ ನರದಿಂದ ಹೊರಗೆ ಸೋರಿ ಕೈ ಊದಿದರೂ ಆರಂಭದಲ್ಲಿ ನೋವಾಗದೇ ಇರಬಹುದು. ಕಿಮೊ ನಡೆಯುತ್ತಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಊತ, ಬಿಗಿತ, ತಣ್ಣನೆಯ ಚರ್ಮ ಕಣ್ಣಿಗೆ ಬಿದ್ದ ಕೂಡಲೇ ನೋವು ಬರಲೆಂದು ಕಾಯದೆ ಸಿಸ್ಟರ್‌ರನ್ನು ಕೂಗಿ.

ಮನೆಗೆ ಹೋಗುವ ಮುನ್ನ ಆಸ್ಪತ್ರೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಮಾತು ಬರೆದಿಡಿ: ಯಾವ ಕೈ, ಯಾವ ಜಾಗ, ಎಷ್ಟು ನಿಮಿಷ ಹಚ್ಚಿದ್ದಿರಿ, ಯಾವ ಬಣ್ಣದ ಕ್ಯಾನುಲಾ ಹೋಯಿತು. ಮುಂದಿನ ಸಲ ಬೇರೆ ಸಿಸ್ಟರ್ ಇದ್ದರೂ ನಿಮ್ಮಿಂದ ಮೊದಲು ಕೇಳುವುದು ಇದನ್ನೇ.